ಬಿಡುಗಡೆಗೆ ಮುನ್ನ ಪರೀಕ್ಷೆ: ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ಮತ್ತು ಅವಳಿ ನಗರದ ವರ್ತಕರ ಪಾಲು

ಹುಬ್ಬಳ್ಳಿಯ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆಗೆ ದರ ಬರೆಯುವ ಮುನ್ನ ಖರೀದಿದಾರನು ಒಳಗೆ ಕೈಹಾಕಿ ಒಂದು ಹಿಡಿ ಅರಳೆಯನ್ನು ಹೊರತೆಗೆಯುತ್ತಾನೆ. ಎಳೆಯ ಉದ್ದ ಎಷ್ಟು, ತೇವ ಎಷ್ಟು, ಕಸ ಎಷ್ಟು ಎಂಬುದನ್ನು ಬೆರಳಲ್ಲಿಯೇ ಅಳೆಯುತ್ತಾನೆ. ಬ್ಯಾಡಗಿ ಮೆಣಸಿನಕಾಯಿಯ ಚೀಲಕ್ಕೂ ಇದೇ ಕ್ರಮ. ಮಾಲು ತನ್ನ ಗೋದಾಮಿಗೆ ಬಂದ ಮೇಲೆ ದೋಷ ಕಂಡರೆ ನಷ್ಟ ತನ್ನದೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಅದೇ ವರ್ತಕನ ಗದ್ದಿಗೆಯ ಪಕ್ಕದಲ್ಲಿರುವ ಗಣಕಯಂತ್ರದೊಳಕ್ಕೆ ಬರುವ ತಂತ್ರಾಂಶವನ್ನು ಮಾತ್ರ ಹೀಗೆ ಕೈಹಾಕಿ ನೋಡುವ ರೂಢಿ ಇಲ್ಲ. ಅದು ಬಂದಂತೆ ಬರುತ್ತದೆ, ಬದಲಾದಂತೆ ಬದಲಾಗುತ್ತದೆ. ತೊಂದರೆ ಕಂಡಾಗ ದುರಸ್ತಿಯವನಿಗೆ ಫೋನು ಮಾಡುವುದೊಂದೇ ಉಳಿದ ದಾರಿ.

ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಈ ಕ್ರಮ ಬೇರೆಯಾಗಿದೆ. ಅಲ್ಲಿ ಹೊಸ ಆವೃತ್ತಿಯು ಬಳಕೆಗೆ ಬಿಡುಗಡೆಯಾಗುವ ಕೆಲವು ತಿಂಗಳು ಮೊದಲೇ ಮಾದರಿಯನ್ನು ಎಲ್ಲರ ಮುಂದೆ ಇಡಲಾಗುತ್ತದೆ. ಯಾರು ಬೇಕಾದರೂ ಅದನ್ನು ತಮ್ಮ ಯಂತ್ರದಲ್ಲಿ ನಡೆಸಿ ನೋಡಿ, ದೋಷವಿದ್ದರೆ ಬರೆದು ತಿಳಿಸಬಹುದು. ಹೀಗೆ ಸಮುದಾಯವೇ ನಡೆಸುವ ಪರೀಕ್ಷೆಯಿಂದಲೇ ಅಲ್ಲಿಯ ತಂತ್ರಾಂಶ ಪಕ್ವವಾಗುತ್ತದೆ. ಇದರಲ್ಲಿ ಹುಬ್ಬಳ್ಳಿ-ಧಾರವಾಡದಂತಹ ವ್ಯಾಪಾರದ ಊರುಗಳ ಪಾಲು ಏನು, ಇದ್ದರೆ ಲಾಭವೇನು, ಇಲ್ಲದಿದ್ದರೆ ನಷ್ಟವೇನು ಎಂಬುದು ವಿಚಾರಕ್ಕೆ ಅರ್ಹವಾದ ಸಂಗತಿ.

ಈಗೇಕೆ ಈ ಪ್ರಶ್ನೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಆ ದಿನ ಯಾವ ಯಂತ್ರವೂ ನಿಂತುಹೋಗಲಿಲ್ಲ. ಆದರೆ ಅಂದಿನಿಂದ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಉಚಿತ ತೇಪೆ ದೊರೆಯುವುದು ನಿಂತಿತು. ವಾಣಿಜ್ಯ ಬಳಕೆದಾರರು ವಿಸ್ತರಿತ ಭದ್ರತಾ ಸೇವೆ ಬಯಸಿದರೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್ ತೆರಬೇಕು. ಮುಂದಿನ ಪ್ರತಿ ವರ್ಷ ಆ ಮೊತ್ತ ಇಮ್ಮಡಿಯಾಗುತ್ತದೆ. ಮೂರು ವರ್ಷಗಳ ನಂತರ ಅದೂ ಮುಗಿಯುತ್ತದೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಸಂಸ್ಕಾರಕ ಬೇಕು. 2017ಕ್ಕಿಂತ ಮೊದಲು ಕೊಂಡ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಈ ಜರಡಿಯಲ್ಲಿ ನಿಲ್ಲುವುದಿಲ್ಲ.

ಐದಾರು ಯಂತ್ರಗಳನ್ನು ಇಟ್ಟುಕೊಂಡ ಒಂದು ಸಗಟು ಅಂಗಡಿ, ಗೋಕುಲ ರಸ್ತೆಯ ಅಥವಾ ತಾರಿಹಾಳದ ಒಂದು ಸಣ್ಣ ಕಾರ್ಖಾನೆ, ಒಂದು ಲೆಕ್ಕ ಪರಿಶೋಧಕರ ಕಚೇರಿ ಇವುಗಳ ಮುಂದೆ ಹೀಗೆ ಮೂರು ದಾರಿಗಳಿವೆ. ಯಂತ್ರಗಳನ್ನೇ ಬದಲಿಸುವುದು ಒಂದು. ಬೆಂಬಲವಿಲ್ಲದ ವ್ಯವಸ್ಥೆಯಲ್ಲಿಯೇ ಬ್ಯಾಂಕು ಮತ್ತು ತೆರಿಗೆಯ ವ್ಯವಹಾರ ನಡೆಸುತ್ತ ಅಪಾಯಕ್ಕೆ ಒಡ್ಡಿಕೊಳ್ಳುವುದು ಇನ್ನೊಂದು. ಹಳೆಯ ಯಂತ್ರದ ಮೇಲೆ ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆಯನ್ನು ಕೂಡಿಸುವುದು ಮೂರನೆಯದು. ಈ ಮೂರನೆಯ ದಾರಿ ಹಿಡಿಯಬೇಕಾದರೆ ಅದು ತನ್ನ ಕೆಲಸಕ್ಕೆ ಒದಗುತ್ತದೆಯೇ ಎಂಬ ಖಾತರಿ ಬೇಕು. ಆ ಖಾತರಿಯನ್ನು ಮಾರಾಟಗಾರನ ಮಾತು ಕೊಡಲಾರದು. ಪರೀಕ್ಷೆ ಮಾತ್ರ ಕೊಡಬಲ್ಲದು.

ಡೆಸ್ಕ್‌ಟಾಪ್ ಪರಿಸರವೆಂದರೆ

ಲಿನಕ್ಸ್ ಎಂಬುದು ವಾಸ್ತವವಾಗಿ ಯಂತ್ರಾಂಶವನ್ನು ನಿರ್ವಹಿಸುವ ತಿರುಳು ಮಾತ್ರ. ಬಳಕೆದಾರನ ಕಣ್ಣಿಗೆ ಕಾಣುವ ಪಟ್ಟಿ, ಕಿಟಕಿ, ಕಡತಕೋಶ, ಗಡಿಯಾರ, ಮುದ್ರಕದ ಸಿದ್ಧತೆ ಇತ್ಯಾದಿಗಳ ಸಮೂಹವೇ ಡೆಸ್ಕ್‌ಟಾಪ್ ಪರಿಸರ. ಅಂಗಡಿಯ ಗುಮಾಸ್ತನಿಗೆ ಗಣಕಯಂತ್ರವೆಂದರೆ ಇದೇ. ಈ ಕ್ಷೇತ್ರದಲ್ಲಿ ಎರಡು ಯೋಜನೆಗಳು ಪ್ರಮುಖವಾದವು. 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಪ್ರಕಟಿಸಿದ ಕೆಡಿಇ ಒಂದು; 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೇನಾ ಆರಂಭಿಸಿದ ಗ್ನೋಮ್ ಇನ್ನೊಂದು. ಹಳೆಯ ಯಂತ್ರಗಳಿಗೆ ಹಗುರವಾಗಿ ಒಗ್ಗುವ ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ, ಮಾಟೆ ಮೊದಲಾದವೂ ಇವೆ.

ಇವುಗಳನ್ನು ಬರೆಯುವವರಲ್ಲಿ ಸಂಬಳ ಪಡೆಯುವ ತಂತ್ರಜ್ಞರೂ ಇದ್ದಾರೆ, ಸ್ವಯಂಸೇವಕರೂ ಇದ್ದಾರೆ. ಆದರೆ ಜಗತ್ತಿನಲ್ಲಿರುವ ಎಲ್ಲ ಬಗೆಯ ಮುದ್ರಕ, ಪರದೆ, ಕೀಲಿಮಣೆ ಮತ್ತು ಭಾಷೆಗಳನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡು ಪರೀಕ್ಷಿಸುವಷ್ಟು ಸಾಧನ ಇವರಲ್ಲಿ ಯಾರ ಬಳಿಯೂ ಇಲ್ಲ. ಆದ್ದರಿಂದಲೇ ಬಿಡುಗಡೆಗೆ ಮುನ್ನ ಸಮುದಾಯದ ನೆರವನ್ನು ಕೋರಲಾಗುತ್ತದೆ.

ಪರೀಕ್ಷೆ ನಡೆಯುವ ಬಗೆ

ಕೆಡಿಇಯ ಪ್ಲಾಸ್ಮಾ 6ರ ಬಿಡುಗಡೆ ಇದಕ್ಕೆ ಉತ್ತಮ ನಿದರ್ಶನ. 2014ರ ಜುಲೈನಲ್ಲಿ ಬಂದಿದ್ದ ಪ್ಲಾಸ್ಮಾ 5ರ ನಂತರ ಹತ್ತು ವರ್ಷಕ್ಕೆ ಸಮೀಪಿಸಿದ ಅವಧಿಯಲ್ಲಿ ಇದು ದೊಡ್ಡ ಬದಲಾವಣೆ. 2023ರ ನವೆಂಬರ್ 8ರಂದು ಅದರ ಆಲ್ಫಾ ಆವೃತ್ತಿ, ಅದೇ ತಿಂಗಳ 29ರಂದು ಮೊದಲ ಬೀಟಾ, ಡಿಸೆಂಬರ್ 20ರಂದು ಎರಡನೆಯ ಬೀಟಾ, 2024ರ ಜನವರಿ 10 ಮತ್ತು 31ರಂದು ಬಿಡುಗಡೆಗೆ ಅಭ್ಯರ್ಥಿಯಾದ ಎರಡು ಆವೃತ್ತಿಗಳು ಬಂದವು. ಅಂತಿಮ ಬಿಡುಗಡೆ 2024ರ ಫೆಬ್ರುವರಿ 28ರಂದು. ಅಂದರೆ ಸುಮಾರು ಹದಿನಾರು ವಾರಗಳ ಕಾಲ ಮಾದರಿಯು ಎಲ್ಲರ ಮುಂದೆ ತೆರೆದಿತ್ತು.

ಈ ಹಂತಗಳಿಗೆ ಒಂದೊಂದು ಅರ್ಥವಿದೆ. ಆಲ್ಫಾದಲ್ಲಿ ಅರ್ಧ ಕೆಲಸ ಬಾಕಿ ಇರುತ್ತದೆ. ಬೀಟಾ ಹೊತ್ತಿಗೆ ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿ, ಇದ್ದುದನ್ನು ಸರಿಪಡಿಸುವುದಕ್ಕೆ ಮಾತ್ರ ಅವಕಾಶವಿರುತ್ತದೆ. ಅನಂತರ ಪರದೆಯ ಮೇಲೆ ಕಾಣುವ ಇಂಗ್ಲಿಷ್ ಪದಗಳನ್ನೂ ಬದಲಿಸದಂತೆ ನಿರ್ಬಂಧ ಹಾಕಲಾಗುತ್ತದೆ. ಇಲ್ಲವಾದರೆ ಅನುವಾದಕರ ಶ್ರಮ ವ್ಯರ್ಥವಾಗುತ್ತದೆ. ಅಭ್ಯರ್ಥಿ ಆವೃತ್ತಿಯಲ್ಲಿ ಗಂಭೀರ ದೋಷ ಕಾಣದಿದ್ದರೆ ಅದೇ ಅಂತಿಮವಾಗುತ್ತದೆ. ಗ್ನೋಮ್ ಯೋಜನೆಯಂತೂ ಪ್ರತಿ ವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್‌ಗಳಲ್ಲಿ ಹೊಸ ಆವೃತ್ತಿ ಹೊರತರುವ ಕ್ರಮವನ್ನು ಇಟ್ಟುಕೊಂಡಿರುವುದರಿಂದ, ಪರೀಕ್ಷೆಯ ಕಾಲ ಯಾವಾಗ ಬರುತ್ತದೆಂಬುದು ಮೊದಲೇ ತಿಳಿದಿರುತ್ತದೆ.

ಪರೀಕ್ಷಕನು ತನ್ನ ಯಂತ್ರದಲ್ಲಿ ಏನನ್ನೂ ಅಳಿಸಬೇಕಾಗಿಲ್ಲ. ಹೊಸ ಆವೃತ್ತಿಯನ್ನು ಒಂದು ಪೆನ್ ಡ್ರೈವ್‌ಗೆ ಬರೆದುಕೊಂಡು, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ, ಪರೀಕ್ಷೆ ಮುಗಿದ ಮೇಲೆ ಅದನ್ನು ಕಿತ್ತುಹಾಕಿದರೆ ಹಳೆಯ ವ್ಯವಸ್ಥೆ ಇದ್ದಂತೆಯೇ ಇರುತ್ತದೆ. ಮುಖ್ಯವಾದುದು ದೋಷ ವರದಿ. “ಮುದ್ರಕ ಕೆಲಸ ಮಾಡುತ್ತಿಲ್ಲ” ಎಂಬ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಯಾವ ಆವೃತ್ತಿ, ಯಾವ ಯಂತ್ರ, ಯಾವ ಕ್ರಮದಲ್ಲಿ ಏನೇನು ಒತ್ತಲಾಯಿತು, ಏನು ಆಗಬೇಕಿತ್ತು, ಏನು ಆಯಿತು, ಪ್ರತಿ ಸಾರಿಯೂ ಹೀಗೇ ಆಗುತ್ತದೆಯೇ ಎಂಬ ಆರು ಸಂಗತಿಗಳಿದ್ದರೆ ದೂರದ ದೇಶದಲ್ಲಿ ಕುಳಿತ ತಂತ್ರಜ್ಞನು ಅದೇ ದೋಷವನ್ನು ತನ್ನ ಮೇಜಿನ ಮೇಲೆ ಮತ್ತೆ ಹುಟ್ಟಿಸಿ ನೋಡಬಲ್ಲ. ಹುಟ್ಟಿಸಲಾದ ದೋಷ ಅರ್ಧ ಸರಿಯಾದಂತೆ. ಸಾಲದ ಖಾತೆಯಲ್ಲಿ ದಿನಾಂಕ, ಮೊತ್ತ, ಸಹಿ ಇಲ್ಲದ ನಮೂದು ಹೇಗೆ ನಿಲ್ಲುವುದಿಲ್ಲವೋ ಹಾಗೆಯೇ ಇಲ್ಲಿಯೂ.

ಇಂತಹ ಪರೀಕ್ಷೆ ಎಷ್ಟರ ಮಟ್ಟಿಗೆ ರಕ್ಷಣೆ ನೀಡಬಲ್ಲದೆಂಬುದಕ್ಕೆ 2024ರ ಮಾರ್ಚ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಎಕ್ಸ್‌ಝಡ್ ಎಂಬ, ದತ್ತಾಂಶವನ್ನು ಅಡಕಗೊಳಿಸುವ ಸಣ್ಣ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲೊಂದನ್ನು ಹುದುಗಿಸಿದ್ದರು. ಡೆಬಿಯನ್‌ನ ಪರೀಕ್ಷಾರ್ಥ ಆವೃತ್ತಿಯನ್ನು ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಗೆ ದೂರದ ಯಂತ್ರಕ್ಕೆ ಸಂಪರ್ಕ ಪಡೆಯುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುತ್ತಿರುವುದು ಗಮನಕ್ಕೆ ಬಂತು. ಅದರ ಕಾರಣವನ್ನು ಹುಡುಕಿಕೊಂಡು ಹೋದಾಗ ಕಳ್ಳಬಾಗಿಲು ಪತ್ತೆಯಾಯಿತು. ಡೆಬಿಯನ್, ರೆಡ್‌ಹ್ಯಾಟ್ ಮೊದಲಾದವುಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮುನ್ನವೇ ತಡೆಯಲಾಯಿತು. ಪರೀಕ್ಷೆಯ ಹಂತವಿಲ್ಲದಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರ್‌ಗಳಿಗೆ ಹೊಕ್ಕಿರುತ್ತಿತ್ತು.

ಬೆಂಗಳೂರಿನಲ್ಲಿ ಕೊನೆಯ ವಾರ

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಆರಂಭವಾಗಿ 2005ರಿಂದ ‘ಫಾಸ್ ಡಾಟ್ ಇನ್’ ಎಂದು ಕರೆಸಿಕೊಂಡ ಸಮ್ಮೇಳನ 2012ರವರೆಗೂ ರಾಜಧಾನಿಯಲ್ಲಿ ನಡೆಯಿತು. 2011ರ ಮಾರ್ಚ್ 9ರಿಂದ 13ರವರೆಗೆ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇಯ ಭಾರತೀಯ ಸಮ್ಮೇಳನ ಜರುಗಿತು. ಅದಾದ ಕೆಲವೇ ದಿನಗಳಲ್ಲಿ, ಮಾರ್ಚ್ ಕೊನೆಯ ವಾರ, ಗ್ನೋಮ್ 3.0ರ ಬಿಡುಗಡೆಯ ಅಂತಿಮ ಕೆಲಸಕ್ಕಾಗಿ ಬೇರೆ ಬೇರೆ ದೇಶಗಳ ಕಾರ್ಯಕರ್ತರು ಬೆಂಗಳೂರಿನಲ್ಲಿಯೇ ಸೇರಿದರು. ಏಪ್ರಿಲ್ 2 ಮತ್ತು 3ರಂದು ದಯಾನಂದ ಸಾಗರ್ ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ನಡೆಯಿತು. ಏಪ್ರಿಲ್ 6ರಂದು ಗ್ನೋಮ್ 3.0 ಜಗತ್ತಿಗೆ ಬಿಡುಗಡೆಯಾಯಿತು.

ಆ ಆವೃತ್ತಿ ಸುಲಭವಾಗಿ ಹುಟ್ಟಿದ್ದಲ್ಲ. ಮೊದಲು 2010ರ ಮಾರ್ಚ್‌ಗೆಂದು ಗೊತ್ತುಪಡಿಸಿದ್ದುದು ಅದೇ ವರ್ಷದ ಸೆಪ್ಟೆಂಬರ್‌ಗೆ, ಮತ್ತೆ 2011ಕ್ಕೆ ಮುಂದೂಡಲ್ಪಟ್ಟಿತು. ಹತ್ತಿರ ಹತ್ತಿರ ಒಂಬತ್ತು ವರ್ಷ ಜನ ಬಳಸಿ ರೂಢಿಯಾಗಿದ್ದ ಗ್ನೋಮ್ 2ರ ಪಟ್ಟಿ, ಕಿಟಕಿಗಳ ಸಾಲು ಎಲ್ಲವನ್ನೂ ಬದಲಿಸಿ ಹೊಸ ವಿನ್ಯಾಸ ತರಲಾಗಿತ್ತು. ಆದ್ದರಿಂದ ಫೆಡೋರಾ ಮತ್ತು ಓಪನ್‌ಸೂಸೆ ಆಧಾರದ ಮೇಲೆ ಪೆನ್ ಡ್ರೈವ್‌ನಿಂದಲೇ ನಡೆಯುವ ಮಾದರಿಗಳನ್ನು ಬಿಡುಗಡೆಗೆ ಮೊದಲೇ ಒದಗಿಸಲಾಯಿತು. ಫೆಡೋರಾ ಯೋಜನೆಯು ಗ್ನೋಮ್ 3ಕ್ಕಾಗಿಯೇ ಪರೀಕ್ಷಾ ದಿನಗಳನ್ನು ಗೊತ್ತುಮಾಡಿ ಜನರನ್ನು ಕರೆಯಿತು.

ಈ ಪರೀಕ್ಷೆಯಿಂದ ಆದ ಲಾಭ ಮತ್ತು ಆಗದ ಲಾಭ ಎರಡನ್ನೂ ನೋಡುವುದು ನ್ಯಾಯ. ಗ್ನೋಮ್ 3ಕ್ಕೆ ಮೂರು ಆಯಾಮದ ಚಿತ್ರ ಸಾಮರ್ಥ್ಯವಿರುವ ಯಂತ್ರಾಂಶ ಬೇಕಾಗಿತ್ತು. ಅಂತಹುದಿಲ್ಲದ ಯಂತ್ರಗಳಿಗಾಗಿ ಹಳೆಯ ರೂಪವನ್ನು ಹೋಲುವ ಪರ್ಯಾಯ ವ್ಯವಸ್ಥೆಯನ್ನು ಉಳಿಸಿಕೊಳ್ಳಲಾಯಿತು. 2013ರ ಮಾರ್ಚ್‌ನ 3.8ರವರೆಗೆ ಅದು ಇತ್ತು. ಆದರೆ ಇನ್ನೊಂದು ವಿಷಯದಲ್ಲಿ ಬಳಕೆದಾರರ ಮಾತು ತಡವಾಗಿ ಫಲಿಸಿತು. ಗ್ನೋಮ್ 3.0ರಲ್ಲಿ ಯಂತ್ರವನ್ನು ಪೂರ್ತಿ ಆರಿಸುವ ಆಯ್ಕೆ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ. ‘ಆಲ್ಟ್’ ಕೀಲಿಯನ್ನು ಒತ್ತಿ ಹಿಡಿದರೆ ಮಾತ್ರ ಅದು ತೋರುತ್ತಿತ್ತು. ಯಂತ್ರವನ್ನು ಆರಿಸದೆ ತಾತ್ಕಾಲಿಕವಾಗಿ ಮಲಗಿಸುವುದೇ ಸಹಜವೆಂಬುದು ವಿನ್ಯಾಸಕಾರರ ಕಲ್ಪನೆಯಾಗಿತ್ತು. ವಿದ್ಯುತ್ ಎಡೆಬಿಡದೆ ಇರುವ ದೇಶದ ಲ್ಯಾಪ್‌ಟಾಪ್‌ಗೆ ಅದು ಒಪ್ಪಬಹುದು. ಕರೆಂಟು ಹೋದ ಮೇಲೆ ಯುಪಿಎಸ್ ಕೂಗುತ್ತಿರುವ ಕೆಲವೇ ನಿಮಿಷಗಳಲ್ಲಿ ಯಂತ್ರವನ್ನು ಆರಿಸಬೇಕಾದ ಉತ್ತರ ಕರ್ನಾಟಕದ ಅಂಗಡಿಗೆ ಅದು ಒಪ್ಪುವ ಮಾತಲ್ಲ. ಆ ಆಯ್ಕೆಯು ಪಟ್ಟಿಗೆ ಮರಳಿದ್ದು 2012ರ ಸೆಪ್ಟೆಂಬರ್‌ನ 3.6ನೆಯ ಆವೃತ್ತಿಯಲ್ಲಿ, ಅಂದರೆ ಸುಮಾರು ಒಂದೂವರೆ ವರ್ಷದ ನಂತರ.

ಗ್ನೋಮ್ 3ರ ಬದಲಾವಣೆಯನ್ನು ಒಪ್ಪದವರು ಸುಮ್ಮನೆ ಕೂಡಲಿಲ್ಲ. ಹಳೆಯ ಗ್ನೋಮ್ 2ರ ಮೂಲ ಸಂಕೇತವನ್ನೇ ಮುಂದುವರಿಸಿ 2011ರಲ್ಲಿ ಮಾಟೆ ಹುಟ್ಟಿತು. ಲಿನಕ್ಸ್ ಮಿಂಟ್ ತಂಡದವರು ಸಿನಮನ್ ಎಂಬ ಬೇರೊಂದು ಪರಿಸರವನ್ನು ಕಟ್ಟಿದರು. ಮುಕ್ತ ತಂತ್ರಾಂಶದಲ್ಲಿ ಇಂತಹ ಕವಲಿಗೆ ಯಾರ ಅನುಮತಿಯೂ ಬೇಡ. ಆದರೆ ಕವಲೊಡೆಯುವುದಕ್ಕಿಂತ ಮೊದಲೇ ಮಾತು ತಲುಪಿದರೆ ಎಲ್ಲರ ಶ್ರಮವೂ ಉಳಿಯುತ್ತದೆ.

ಅಪಕ್ವ ಮಾಲಿನ ಪಾಠ

ಪರೀಕ್ಷೆ ಮತ್ತು ಬಿಡುಗಡೆಗಳ ನಡುವಿನ ಗೆರೆ ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೆಡಿಇ 4.0 ಸಾಕ್ಷಿ. 2008ರ ಜನವರಿ 11ರಂದು ಅದು ಹೊರಬಂದಾಗ, ಇದು ಮುಂದಿನ ಕಟ್ಟಡಕ್ಕೆ ಅಡಿಪಾಯವೇ ಹೊರತು ದಿನಬಳಕೆಗೆ ಸಿದ್ಧವಾದ ಮನೆಯಲ್ಲವೆಂದು ಅದನ್ನು ರೂಪಿಸಿದ ಹಲವರು ತಿಳಿಸಿದ್ದರು. ಆದರೆ ಬಿಡುಗಡೆಯಾದ ವಸ್ತುವಿನ ಮೇಲೆ ಅಂಟಿಸಿದ ಸಂಖ್ಯೆಯನ್ನು ನೋಡುವವರೇ ಹೆಚ್ಚು, ಒಳಗಿನ ಎಚ್ಚರಿಕೆಯ ಚೀಟಿಯನ್ನು ಓದುವವರು ಕಡಿಮೆ. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಫೆಡೋರಾ 9, ಹಳೆಯ ಕೆಡಿಇ 3.5ರ ಡೆಸ್ಕ್‌ಟಾಪನ್ನು ಬಿಟ್ಟು ಹೊಸದನ್ನೇ ನೀಡಿತು. ಬಳಕೆದಾರರಿಗೆ ಕೈಗೆ ಬಂದದ್ದು ಅರೆಬೆಂದ ಅಡುಗೆ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ ಕೆಡಿಇಯನ್ನು ಬಿಟ್ಟು ಗ್ನೋಮ್‌ಗೆ ಹೋದುದಾಗಿ 2009ರಲ್ಲಿ ತಿಳಿಸಿದರು. ಗ್ನೋಮ್ 3 ಬಂದಾಗ ಅದನ್ನೂ ಟೀಕಿಸಿ ಎಕ್ಸ್‌ಎಫ್‌ಸಿಇಗೆ ಹೋದರು. ಕೆಡಿಇ 4ಕ್ಕೆ ಜನರ ನಂಬಿಕೆ ಮರಳತೊಡಗಿದ್ದು 2009ರ ಜನವರಿಯ 4.2ರ ನಂತರ.

ಆ ಅನುಭವದಿಂದ ಕಲಿತದ್ದು ಅನಂತರದ ನಡೆಯಲ್ಲಿ ಕಾಣುತ್ತದೆ. 2022ರಲ್ಲಿ ಕೆಡಿಇಯವರು ಹೊಸ ಬಳಕೆದಾರನೊಬ್ಬನಿಗೆ ಮೊದಲ ಹದಿನೈದು ನಿಮಿಷಗಳಲ್ಲಿಯೇ ಎದುರಾಗುವ ದೋಷಗಳನ್ನು ಪಟ್ಟಿಮಾಡಿ ಮೊದಲು ಅವನ್ನೇ ಸರಿಪಡಿಸುವ ಯೋಜನೆ ಹಾಕಿಕೊಂಡರು. ಅಂಗಡಿಗೆ ಬಂದ ಗಿರಾಕಿ ಹೊಸ್ತಿಲಲ್ಲಿಯೇ ಎಡವಿದರೆ ಒಳಗಿನ ಮಾಲು ಎಷ್ಟು ಚೆನ್ನಾಗಿದ್ದರೇನು ಎಂಬ ವ್ಯಾಪಾರದ ತಿಳಿವಳಿಕೆ ಇದರ ಹಿಂದೆ ಇದೆ.

ಕನ್ನಡವನ್ನು ಕನ್ನಡಿಗರೇ ಪರೀಕ್ಷಿಸಬೇಕು

ಮುದ್ರಕದ ದೋಷವನ್ನು ಜರ್ಮನಿಯವನೂ ಕಂಡುಹಿಡಿಯಬಲ್ಲ. ಕನ್ನಡದ ದೋಷವನ್ನು ಕನ್ನಡ ಓದಬಲ್ಲವರು ಮಾತ್ರ ಕಾಣಬಲ್ಲರು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ ಅಕ್ಷರಗಳಿಗೆ ಸಂಖ್ಯೆ ಇದ್ದ ಮಾತ್ರಕ್ಕೆ ಅವು ಪರದೆಯ ಮೇಲೆ ಸರಿಯಾಗಿ ಮೂಡುವುದಿಲ್ಲ. ‘ವರ್ತಕ’ ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವು ಅರ್ಕಾವತ್ತಾಗಿ ತಕಾರದ ನಂತರ ಕೂಡಬೇಕು. ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತುಗಳು ಒಂದರ ಕೆಳಗೊಂದು ಇಳಿಯಬೇಕು. ‘ರ‍್ಯಾಲಿ’ ಎಂದು ಬರೆಯುವಾಗ ಅರ್ಕಾವತ್ತು ಬಾರದೆ ಪೂರ್ಣ ರಕಾರವೇ ನಿಲ್ಲಬೇಕು. ಈ ಕೆಲಸವನ್ನು ಮಾಡುವ ಅಕ್ಷರ ಜೋಡಣೆಯ ಯಂತ್ರವು ಮೊದಲು ಗ್ನೋಮ್‌ಗೊಂದು, ಕೆಡಿಇಗೊಂದು ಎಂದು ಬೇರೆ ಬೇರೆ ಇತ್ತು. ಒಂದೇ ಪದ ಎರಡು ಕಡೆ ಎರಡು ರೀತಿ ಕಾಣುವ ಸಾಧ್ಯತೆಯಿತ್ತು. 2012ರ ಸುಮಾರಿಗೆ ಹಾರ್ಫ್‌ಬಝ್ ಎಂಬ ಸಾಮಾನ್ಯ ಯಂತ್ರ ಪಕ್ವವಾಗಿ, ಈಗ ಎರಡೂ ಪರಿಸರಗಳು, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಒಂದು ಕಡೆ ವರದಿಮಾಡಿ ಸರಿಪಡಿಸಿದ ದೋಷ ಎಲ್ಲ ಕಡೆಯೂ ಸರಿಯಾಗುತ್ತದೆ ಎಂಬುದು ಇದರ ದೊಡ್ಡ ಅನುಕೂಲ.

ಆದರೂ ಪ್ರತಿ ಹೊಸ ಆವೃತ್ತಿಯಲ್ಲಿ ನೋಡಬೇಕಾದುದು ಬಹಳ. ಕಿಟಕಿಯ ತಲೆಪಟ್ಟಿಯ ಎತ್ತರವನ್ನು ಇಂಗ್ಲಿಷಿಗೆ ಹೊಂದಿಸಿದರೆ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಇಂಗ್ಲಿಷಿನ ನಾಲ್ಕಕ್ಷರದ ಪದಕ್ಕೆ ಕನ್ನಡದಲ್ಲಿ ಹತ್ತಕ್ಷರ ಬೇಕಾದಾಗ ಗುಂಡಿಯ ಮೇಲೆ ಅರ್ಧ ಪದ ಮಾತ್ರ ಉಳಿಯುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದಾಗ ಒಂದು ಒತ್ತು ಮಾತ್ರ ಅಳಿಯಬೇಕೋ, ಇಡೀ ಅಕ್ಷರ ಅಳಿಯಬೇಕೋ? ಗಿರಾಕಿಗಳ ಹೆಸರಿನ ಪಟ್ಟಿ ಅಕಾರಾದಿಯಾಗಿ ಸರಿಯಾಗಿ ಜೋಡಣೆಯಾಗುತ್ತದೆಯೇ? ಹತ್ತು ಲಕ್ಷವನ್ನು 10,00,000 ಎಂದು ಭಾರತೀಯ ಕ್ರಮದಲ್ಲಿ ಬಿಡಿಸಿ ತೋರಿಸುತ್ತದೆಯೇ, 1,000,000 ಎಂದೇ? 2010ರಲ್ಲಿ ಅಂಗೀಕಾರವಾದ ರೂಪಾಯಿಯ ಚಿಹ್ನೆ ಮುದ್ರಿತ ಬಿಲ್ಲಿನಲ್ಲಿ ಮೂಡುತ್ತದೆಯೇ, ಅದರ ಜಾಗದಲ್ಲಿ ಖಾಲಿ ಚೌಕ ಬರುತ್ತದೆಯೇ? ಇವು ತಂತ್ರಜ್ಞರ ಪ್ರಶ್ನೆಗಳಲ್ಲ. ಲೆಕ್ಕ ಬರೆಯುವವರ ಪ್ರಶ್ನೆಗಳು.

ಬೆರಳಚ್ಚಿನ ವಿಷಯವಂತೂ ಈಗ ಸಂಧಿಕಾಲದಲ್ಲಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ಕಗಪ’ ಕೀಲಿಮಣೆ ಲಿನಕ್ಸ್‌ನಲ್ಲಿಯೂ ಲಭ್ಯವಿದೆ. ಐಬಸ್ ಎಂಬ ವ್ಯವಸ್ಥೆಯ ಮೂಲಕ ಬೇರೆ ವಿನ್ಯಾಸಗಳೂ ದೊರೆಯುತ್ತವೆ. ಆದರೆ ದಶಕಗಳಿಂದ ಲಿನಕ್ಸ್ ಪರದೆಯನ್ನು ನಿರ್ವಹಿಸುತ್ತಿದ್ದ ಎಕ್ಸ್ 11 ವ್ಯವಸ್ಥೆಯ ಸ್ಥಾನಕ್ಕೆ ವೇಲ್ಯಾಂಡ್ ಬರುತ್ತಿದೆ. ಪ್ಲಾಸ್ಮಾ 6.0 ವೇಲ್ಯಾಂಡ್ ಅನ್ನೇ ಸಹಜ ಆಯ್ಕೆಯಾಗಿಸಿತು. 2025ರ ಸೆಪ್ಟೆಂಬರ್‌ನ ಗ್ನೋಮ್ 49, ಎಕ್ಸ್ 11 ಅಧಿವೇಶನವನ್ನು ಸಹಜ ಸ್ಥಿತಿಯಲ್ಲಿ ನಿಷ್ಕ್ರಿಯಗೊಳಿಸಿತು. ಹೊಸ ವ್ಯವಸ್ಥೆಯಲ್ಲಿ ಕೀಲಿಮಣೆಯ ಒತ್ತುಗಳು ತಂತ್ರಾಂಶವನ್ನು ತಲುಪುವ ಮಾರ್ಗವೇ ಬೇರೆ. ಪ್ಲಾಸ್ಮಾದಲ್ಲಿ ಐಬಸ್ ಸರಿಯಾಗಿ ನಡೆಯಬೇಕಾದರೆ ಅದನ್ನು ‘ವರ್ಚುವಲ್ ಕೀಬೋರ್ಡ್’ ಎಂಬ ಸಿದ್ಧತೆಯೊಳಗೆ ಹೋಗಿ ಆರಿಸಬೇಕು. ಇಂಗ್ಲಿಷಿನಲ್ಲಿ ಮಾತ್ರ ಬರೆಯುವ ಪರೀಕ್ಷಕನಿಗೆ ಇದರ ಅರಿವೇ ಆಗದು. ಕನ್ನಡ, ಚೀನೀ, ಜಪಾನೀ ಭಾಷೆಗಳ ಬಳಕೆದಾರರು ಹೇಳಿದರೆ ಮಾತ್ರ ಅದು ದೋಷವೆಂದು ದಾಖಲಾಗುತ್ತದೆ. ಚೀನೀ, ಜಪಾನೀ ಬಳಕೆದಾರರು ಹೇಳುತ್ತಲೇ ಇರುತ್ತಾರೆ.

ಅನುವಾದದ ಸ್ಥಿತಿಯೂ ಇದಕ್ಕೆ ಸಂಬಂಧಿಸಿದೆ. ಕೆಲವೇ ಕಾರ್ಯಕರ್ತರ ಶ್ರಮದಿಂದ ಗ್ನೋಮ್ ಮತ್ತು ಕೆಡಿಇ ಎರಡಕ್ಕೂ ಕನ್ನಡದ ಪದಭಂಡಾರ ಸಿದ್ಧವಾಯಿತು. ‘ಕಡತ’, ‘ಕಡತಕೋಶ’ ಎಂಬ ಪದಗಳು ಪರದೆಯ ಮೇಲೆ ಬಂದದ್ದು ಹೀಗೆಯೇ. ಆದರೆ ಪ್ರತಿ ಆರು ತಿಂಗಳಿಗೊಮ್ಮೆ ಹೊಸ ಪದಗಳು ಸೇರುತ್ತವೆ. ಅನುವಾದಿಸುವವರು ಇಲ್ಲದಿದ್ದರೆ ಅವು ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ಶೇ. 80ರಷ್ಟಾದರೂ ಅನುವಾದವಾದ ಭಾಷೆಗಳನ್ನು ಮಾತ್ರ ಬೆಂಬಲಿತ ಭಾಷೆಗಳೆಂದು ಗ್ನೋಮ್ ತನ್ನ ಬಿಡುಗಡೆ ಟಿಪ್ಪಣಿಗಳಲ್ಲಿ ಪಟ್ಟಿಮಾಡುವುದು ರೂಢಿ. ಒಮ್ಮೆ ಕಟ್ಟಿದ ಕೆರೆಯ ಹೂಳನ್ನು ವರ್ಷವರ್ಷವೂ ತೆಗೆಯಬೇಕಾದಂತೆ ಈ ಕೆಲಸಕ್ಕೂ ಕೊನೆಯಿಲ್ಲ.

ವರ್ತಕನ ಪರೀಕ್ಷಾ ಪಟ್ಟಿ

ಮುಕ್ತ ತಂತ್ರಾಂಶ ಎಲ್ಲಕ್ಕೂ ಮದ್ದು ಎಂದು ಹೇಳಿದರೆ ಸತ್ಯಕ್ಕೆ ದೂರವಾಗುತ್ತದೆ. ವ್ಯಾಪಾರಸ್ಥರಲ್ಲಿ ಬಹಳಷ್ಟು ಮಂದಿ ನೆಚ್ಚಿರುವ, ಬೆಂಗಳೂರಿನ ಸಂಸ್ಥೆಯದೇ ಆದ ಟ್ಯಾಲಿ, ವಿಂಡೋಸ್‌ಗಾಗಿ ರೂಪಿತವಾದ ತಂತ್ರಾಂಶ. ಲಿನಕ್ಸ್‌ನಲ್ಲಿ ಅದನ್ನು ಪರೋಕ್ಷ ಮಾರ್ಗಗಳಿಂದ ನಡೆಸಬೇಕಾಗುತ್ತದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಉಳಿಸಿದ ಪತ್ರಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಡಿಜಿಟಲ್ ಸಹಿಯ ಟೋಕನ್‌ಗೆ ತಕ್ಕ ಚಾಲಕ ತಂತ್ರಾಂಶ ಸಿಗುತ್ತದೆಯೇ ಎಂಬುದು ತಯಾರಕರನ್ನು ಅವಲಂಬಿಸಿದೆ. ತೂಕದ ಯಂತ್ರ, ಬಾರ್‌ಕೋಡ್ ಓದುಗ, ಥರ್ಮಲ್ ಬಿಲ್ ಮುದ್ರಕ, ಇನ್ನೂ ಕೆಲವೆಡೆ ಉಳಿದಿರುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಇವುಗಳ ಮಾತೂ ಇಷ್ಟೇ.

ಇನ್ನೊಂದು ಕಡೆಗೆ, 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ವಿವರ ಸಲ್ಲಿಕೆ, ಇ-ವೇ ಬಿಲ್, ಬ್ಯಾಂಕಿನ ವ್ಯವಹಾರ ಇವುಗಳಲ್ಲಿ ಬಹುಪಾಲು ಈಗ ಬ್ರೌಸರ್ ಮೂಲಕವೇ ನಡೆಯುತ್ತವೆ. ಪತ್ರವ್ಯವಹಾರಕ್ಕೆ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಇದೆ. ಆದ್ದರಿಂದ ಅಂಗಡಿಯ ಎಲ್ಲ ಯಂತ್ರಗಳನ್ನೂ ಒಮ್ಮೆಲೇ ಬದಲಿಸುವ ಮಾತು ಬೇಡ. ಲೆಕ್ಕದ ಯಂತ್ರವೊಂದನ್ನು ಹಾಗೆಯೇ ಉಳಿಸಿಕೊಂಡು, ಬ್ರೌಸರ್ ಮತ್ತು ಪತ್ರಗಳಿಗಷ್ಟೇ ಬಳಕೆಯಾಗುವ ಯಂತ್ರದಿಂದ ಆರಂಭಿಸುವುದು ಲೇಸು. ಪೆನ್ ಡ್ರೈವ್‌ನಿಂದ ಚಾಲೂ ಮಾಡಿ ತನ್ನದೇ ಮುದ್ರಕದಲ್ಲಿ ತನ್ನದೇ ಬಿಲ್ಲನ್ನು ಕನ್ನಡದಲ್ಲಿ ಮುದ್ರಿಸಿ ನೋಡಿದರೆ, ಒಂದು ಮಧ್ಯಾಹ್ನದೊಳಗೆ ಆಗುತ್ತದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಆಗದಿದ್ದರೆ ಅದನ್ನೇ ವರದಿಯಾಗಿ ಬರೆಯಬೇಕು. ಅಂತಿಮ ಬಿಡುಗಡೆಯ ನಂತರ ಬರೆದರೆ ಮುಂದಿನ ಆವೃತ್ತಿಯವರೆಗೆ ಕಾಯಬೇಕಾದೀತು. ಬೀಟಾ ಕಾಲದಲ್ಲಿಯೇ ಬರೆದರೆ ಅದೇ ಆವೃತ್ತಿಯಲ್ಲಿ ಸರಿಯಾಗುವ ಅವಕಾಶ ಹೆಚ್ಚು.

ಅವಳಿ ನಗರದ ಸಾಮರ್ಥ್ಯ

ಸರ್ಕಾರದ ಮಟ್ಟದಲ್ಲಿಯೂ ಇದಕ್ಕೆ ಆಧಾರವಿದೆ. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿತು. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ಲಿನಕ್ಸ್‌ನಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿವೆ. ನೆರೆಯ ಕೇರಳವು ಶಾಲೆಗಳ ಐಟಿ ಶಿಕ್ಷಣವನ್ನು ಮುಕ್ತ ತಂತ್ರಾಂಶದ ಮೇಲೆ ನಿಲ್ಲಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ವ್ಯವಸ್ಥೆಯಲ್ಲಿಯೇ ಕಲಿಯುತ್ತಾರೆ. ಒಂದು ವ್ಯವಸ್ಥೆಯನ್ನು ಸಾವಿರಾರು ಶಾಲೆಗಳು ದಿನವೂ ಬಳಸುವುದು ಪರೀಕ್ಷೆಗಿಂತ ದೊಡ್ಡ ಪರೀಕ್ಷೆ.

ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಬೇಕಾದ ಜನಬಲಕ್ಕೆ ಕೊರತೆಯಿಲ್ಲ. 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡದಲ್ಲಿ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು, 2016ರಿಂದ ಐಐಟಿ, ಮತ್ತು ಆರಂಭದಲ್ಲಿ ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಿದ್ದು ಈಗ ತಡಸಿನಕೊಪ್ಪದಲ್ಲಿ ನೆಲೆಸಿರುವ ಐಐಐಟಿ ಇವೆ. ವಿದ್ಯಾರ್ಥಿಗಳಿಗೆ ಯಂತ್ರ ಗೊತ್ತು, ವ್ಯಾಪಾರ ಗೊತ್ತಿಲ್ಲ. ವರ್ತಕರಿಗೆ ವ್ಯಾಪಾರ ಗೊತ್ತು, ದೋಷ ವರದಿ ಬರೆಯುವ ಕ್ರಮ ಗೊತ್ತಿಲ್ಲ. ಕನ್ನಡ ಅಧ್ಯಾಪಕರಿಗೆ ಅಕ್ಷರದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ, ಆದರೆ ಅದನ್ನು ಎಲ್ಲಿ ತಿಳಿಸಬೇಕೆಂಬುದು ಗೊತ್ತಿಲ್ಲ. ಈ ಮೂವರನ್ನೂ ವರ್ಷಕ್ಕೆರಡು ಸಾರಿ, ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ, ಹೊಸ ಆವೃತ್ತಿಗಳ ಬೀಟಾ ಹೊರಬಿದ್ದ ಹೊತ್ತಿಗೆ ಒಂದು ದಿನ ಒಂದೆಡೆ ಕೂಡಿಸಿದರೆ ಸಾಕು. ಒಂದು ಕೋಣೆ, ಹತ್ತು ಹಳೆಯ ಯಂತ್ರಗಳು, ಕೆಲವು ಪೆನ್ ಡ್ರೈವ್‌ಗಳು, ಅಂಗಡಿಗಳಿಂದ ತಂದ ನಾಲ್ಕಾರು ಬಗೆಯ ಮುದ್ರಕಗಳು: ಇದರ ಖರ್ಚು ಒಂದು ಹೊಸ ಗಣಕಯಂತ್ರದ ಬೆಲೆಯನ್ನು ಮೀರದು. ವಾಣಿಜ್ಯ ಸಂಸ್ಥೆಗಳು, ಉದ್ಯಮಿಗಳ ಸಂಘಗಳು ಮತ್ತು ಕಾಲೇಜುಗಳು ಕೂಡಿ ಯೋಚಿಸಬಹುದಾದ ಕಾರ್ಯಕ್ರಮ ಇದು.

ಇದರಿಂದ ಬರುವ ಲಾಭ ಎರಡು ಬಗೆಯದು. ಬೆಂಬಲ ಕಳೆದುಕೊಂಡ ಯಂತ್ರವು ಗುಜರಿಗೆ ಹೋಗಬೇಕೇ, ಇನ್ನೂ ನಾಲ್ಕು ವರ್ಷ ದುಡಿಯಬಲ್ಲದೇ ಎಂಬ ನಿರ್ಧಾರವನ್ನು ವರ್ತಕನು ಕೇಳಿದ ಮಾತಿನ ಮೇಲಲ್ಲದೆ ಕಂಡ ಸಂಗತಿಯ ಮೇಲೆ ಕೈಗೊಳ್ಳಬಹುದು. ಜೊತೆಗೆ ಇಲ್ಲಿಂದ ಹೋದ ಒಂದು ಸರಿಯಾದ ವರದಿಯಿಂದ ಬಿಲ್ಲಿನ ಮೇಲಿನ ಒಂದು ಒತ್ತಕ್ಷರ ಸರಿಹೋದರೆ, ಬೀದರಿನಿಂದ ಚಾಮರಾಜನಗರದವರೆಗೆ, ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಕನ್ನಡ ಬರೆಯುವ ಪ್ರತಿಯೊಬ್ಬರಿಗೂ ಅದು ಸರಿಹೋಗುತ್ತದೆ.

ಅಂಡಿಗೆಯೊಳಗೆ ಕೈಹಾಕದೆ ದರ ಬರೆದವನು ಆಮೇಲೆ ದಲಾಲನನ್ನು ದೂರಿ ಪ್ರಯೋಜನವಿಲ್ಲ. ತಂತ್ರಾಂಶದ ಅಂಡಿಗೆ ವರ್ಷಕ್ಕೆರಡು ಸಾರಿ ಬಾಯಿ ತೆರೆದು ಎದುರಿಗೆ ಇರುತ್ತದೆ. ಕೈಹಾಕಿ ನೋಡುವವರು ಬೇಕಾಗಿದ್ದಾರೆ.